ಹೊಟ್ಟೆಯ ಬೊಜ್ಜು, ಅಡುಗೆಯ ಎಣ್ಣೆ: ಹೃದಯಕ್ಕೆ ಯಾವುದು, ಎಷ್ಟು?

ಬೊಜ್ಜು ಬಂದಿದೆ, ಕೊಲೆಸ್ಟ್ರಾಲ್ ಜಾಸ್ತಿಯಿದೆ ಎಂದು ವೈದ್ಯರು ಹೇಳಿದ ಮರುದಿನ ಹೆಚ್ಚಿನ ಮನೆಗಳಲ್ಲಿ ಮೊದಲು ಬದಲಾಗುವುದು ಎಣ್ಣೆಯ ಡಬ್ಬ. ರಿಫೈಂಡ್ ಎಣ್ಣೆ ಹೋಗಿ ಗಾಣದ ಎಣ್ಣೆ ಬರುತ್ತದೆ. ಕೆಲವರು ಕಡಲೆಕಾಯಿ ಎಣ್ಣೆ ಬಿಟ್ಟು ಆಲಿವ್ ಎಣ್ಣೆ ತರುತ್ತಾರೆ. ಕೆಲವರು ತುಪ್ಪವನ್ನು ಪೂರ್ತಿ ನಿಲ್ಲಿಸುತ್ತಾರೆ. ಇನ್ನು ಕೆಲವರು ವಾಟ್ಸಾಪ್‌ನಲ್ಲಿ ಬಂದ ಮಾತು ನಂಬಿ ಬರಿಹೊಟ್ಟೆಗೆ ಎರಡು ಚಮಚ ತುಪ್ಪ ಕುಡಿಯತೊಡಗುತ್ತಾರೆ. ಅನ್ನದ ಅಳತೆ, ಸಂಜೆಯ ಬಿಸ್ಕತ್ತು, ತಿಂಗಳಿಗೆ ಮುಗಿಯುವ ಎಣ್ಣೆಯ ಲೆಕ್ಕ ಮಾತ್ರ ಹಾಗೇ ಉಳಿಯುತ್ತವೆ. ಮುಂದಿನ ರಕ್ತಪರೀಕ್ಷೆಯ ವರದಿಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಆಗ ಬೇಸರವಾಗುವುದು ಸಹಜ. ಎಣ್ಣೆ ಬದಲಿಸಿದ್ದು ತಪ್ಪೇನೂ ಅಲ್ಲ. ಆದರೆ ಬೊಜ್ಜಿರುವ ದೇಹದಲ್ಲಿ ರಕ್ತಕ್ಕೆ ಸೇರುವ ಕೊಬ್ಬಿನ ಬಹುಪಾಲು ನೇರವಾಗಿ ಒಗ್ಗರಣೆಯ ಸೌಟಿನಿಂದ ಬಂದದ್ದಲ್ಲ. ಹೊಟ್ಟೆಯಲ್ಲಿ ಮೊದಲೇ ಕೂತ ಕೊಬ್ಬಿನಿಂದ ಬರುತ್ತದೆ, ಹೆಚ್ಚಾದ ಅನ್ನ-ಸಕ್ಕರೆಯಿಂದಲೂ ಬರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಎಣ್ಣೆಯ ಅಳತೆ. ಆಮೇಲೆ ಅದರ ಜಾತಿ. ಅದರ ಜೊತೆಗೇ, ಬಿಟ್ಟ ಕೊಬ್ಬಿನ ಜಾಗಕ್ಕೆ ತಟ್ಟೆಯಲ್ಲಿ ಏನು ಬಂತು ಎಂಬುದು. ಇದು ದೇಹದೊಳಗೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅಂಗಡಿಯಲ್ಲಿ ಡಬ್ಬ ಆರಿಸುವುದೂ ಸುಲಭವಾಗುತ್ತದೆ.

ಎಣ್ಣೆಯೊಳಗೆ ಏನಿರುತ್ತದೆ?

ಒಂದು ಗ್ರಾಂ ಅಕ್ಕಿಹಿಟ್ಟಿನಿಂದಲೋ ಸಕ್ಕರೆಯಿಂದಲೋ ದೇಹಕ್ಕೆ ಸಿಗುವ ಶಕ್ತಿ ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಎಣ್ಣೆಯಿಂದ ಸಿಗುವುದು 9. ಅಂದರೆ ಒಂದು ಟೀ ಚಮಚ ಎಣ್ಣೆಗೆ ಸುಮಾರು 45 ಕ್ಯಾಲೊರಿ. ಗಾಣದ್ದಿರಲಿ, ರಿಫೈಂಡ್ ಇರಲಿ, ದುಬಾರಿ ಆಲಿವ್ ಇರಲಿ, ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ತೂಕದ ಮಟ್ಟಿಗೆ ‘ಒಳ್ಳೆಯ ಎಣ್ಣೆ’ ಎಂಬುದೊಂದಿಲ್ಲ.

ವ್ಯತ್ಯಾಸ ಇರುವುದು ಫ್ಯಾಟಿ ಆಸಿಡ್‌ಗಳಲ್ಲಿ, ಅಂದರೆ ಕೊಬ್ಬಿನಾಮ್ಲಗಳಲ್ಲಿ. ಇವು ಮುಖ್ಯವಾಗಿ ಮೂರು ಬಗೆ. ಸ್ಯಾಚುರೇಟೆಡ್, ಅಂದರೆ ಪರ್ಯಾಪ್ತ ಕೊಬ್ಬು ಚಳಿಗೆ ಬೇಗ ಗಟ್ಟಿಯಾಗುತ್ತದೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ, ತಾಳೆ ಎಣ್ಣೆಗಳಲ್ಲಿ ಇದು ಹೆಚ್ಚು. ಮೋನೋ ಅನ್‌ಸ್ಯಾಚುರೇಟೆಡ್, ಅಂದರೆ ಏಕ ಅಪರ್ಯಾಪ್ತ ಕೊಬ್ಬು ಕಡಲೆಕಾಯಿ, ಸಾಸಿವೆ, ಆಲಿವ್ ಎಣ್ಣೆಗಳಲ್ಲಿ ಹೆಚ್ಚು. ಪಾಲಿ ಅನ್‌ಸ್ಯಾಚುರೇಟೆಡ್, ಅಂದರೆ ಬಹು ಅಪರ್ಯಾಪ್ತ ಕೊಬ್ಬು ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು, ಸೋಯಾ ಎಣ್ಣೆಗಳಲ್ಲಿ ಹೆಚ್ಚು. ಒಮೆಗಾ-6, ಒಮೆಗಾ-3 ಎಂದು ಕೇಳುತ್ತೀರಲ್ಲ, ಅವೆರಡೂ ಈ ಮೂರನೆಯ ಬಗೆಗೇ ಸೇರಿದವು.

ಯಾವ ಎಣ್ಣೆಯೂ ಒಂದೇ ಬಗೆಯ ಕೊಬ್ಬಿನಿಂದ ಆದದ್ದಲ್ಲ. ಎಲ್ಲವೂ ಮಿಶ್ರಣ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ. 80ಕ್ಕೂ ಹೆಚ್ಚು. ತುಪ್ಪದಲ್ಲಿ ಶೇ. 60ರ ಮೇಲೆ. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗದಷ್ಟು, ಸೂರ್ಯಕಾಂತಿಯಲ್ಲಿ ಹತ್ತನೇ ಒಂದು ಭಾಗದ ಆಸುಪಾಸು. ಡಬ್ಬದ ಹಿಂಬದಿಯ ಪಟ್ಟಿಯಲ್ಲಿ ಈ ಅಂಕಿಗಳು ಇದ್ದೇ ಇರುತ್ತವೆ. ಮುಂಬದಿಯಲ್ಲಿ ದೊಡ್ಡದಾಗಿ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಕಿಲ್ಲ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಟ್ರಾನ್ಸ್ ಕೊಬ್ಬು ಎಂಬ ಇನ್ನೊಂದಿದೆ. ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರೆಗಟ್ಟಿ ಮಾಡುವಾಗ ಇದು ಹುಟ್ಟುತ್ತದೆ. ಹಳೆಯ ಕಾಲದ ಡಾಲ್ಡಾ ಇದಕ್ಕೆ ಹೆಸರಾಗಿತ್ತು. ಇದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ, ಒಳ್ಳೆಯದನ್ನು ಇಳಿಸುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿಯನ್ನು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ದೊಡ್ಡ ಗೆಲುವು ಅದು. ಆದರೆ ಬೇಕರಿಯ ಪಫ್, ಖಾರಾ ಬಿಸ್ಕತ್ತು ಇದರಿಂದ ಹೃದಯಕ್ಕೆ ಹಿತವಾಗಿಬಿಟ್ಟವು ಎಂದುಕೊಳ್ಳಬೇಡಿ. ಗಟ್ಟಿ ಕೊಬ್ಬಿನ ಕೆಲಸವನ್ನು ಈಗ ಹೆಚ್ಚಾಗಿ ತಾಳೆ ಎಣ್ಣೆಯ ಉತ್ಪನ್ನಗಳು ಮಾಡುತ್ತವೆ. ಟ್ರಾನ್ಸ್ ತಗ್ಗಿದರೂ ಪರ್ಯಾಪ್ತ ಕೊಬ್ಬು ಅಲ್ಲೇ ಇದೆ.

ಬೊಜ್ಜಿರುವ ದೇಹದೊಳಗೆ ನಡೆಯುವುದು

ಚರ್ಮದ ಕೆಳಗಿನ ಕೊಬ್ಬು ದೇಹದ ಕಣಜವಿದ್ದಂತೆ. ಉಂಡು ಮಿಕ್ಕಿದ್ದನ್ನು ಅಲ್ಲಿ ತುಂಬಿಡುವುದು, ಬೇಕಾದಾಗ ತೆಗೆಯುವುದು. ಕಣಜದಲ್ಲಿ ಜಾಗ ಇರುವವರೆಗೂ ದೊಡ್ಡ ತೊಂದರೆಯಿಲ್ಲ. ತುಂಬಿದ ಮೇಲೂ ಸುರಿಯುತ್ತಲೇ ಇದ್ದರೆ ಮಿಕ್ಕಿದ್ದು ಇರಬಾರದ ಜಾಗಕ್ಕೆ ಹೋಗುತ್ತದೆ. ಮೊದಲು ಹೊಟ್ಟೆಯೊಳಗೆ ಕರುಳಿನ ಸುತ್ತ, ಆಮೇಲೆ ಯಕೃತ್ತಿಗೆ, ಸ್ನಾಯುಗಳಿಗೆ. ಕರುಳಿನ ಸುತ್ತಲಿನ ಈ ಒಳಗೊಬ್ಬನ್ನು ವೈದ್ಯರು ವಿಸರಲ್ ಫ್ಯಾಟ್ ಎನ್ನುತ್ತಾರೆ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೆಚ್ಚು ಸಂಬಂಧಪಟ್ಟದ್ದು ಇದೇ.

ಭಾರತೀಯರ ಕಣಜ ಬೇಗ ತುಂಬುತ್ತದೆ. ಇದನ್ನು ಮನಮುಟ್ಟುವಂತೆ ತೋರಿಸಿಕೊಟ್ಟವರು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರವೊಂದು ಅಚ್ಚಾಯಿತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ: 22.3. ಇಬ್ಬರೂ ನೋಡಲು ತೆಳ್ಳಗೆ. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2. ನಮ್ಮವರಲ್ಲಿ ಬಿಎಂಐ 25 ದಾಟಿದರೇ ಬೊಜ್ಜು ಎಂದು ಲೆಕ್ಕ ಹಾಕುವುದು ಇಂಥ ಕಾರಣಕ್ಕೇ. ಪಾಶ್ಚಾತ್ಯರಲ್ಲಿ ಆ ಗೆರೆ 30.

ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಟೇಪನ್ನು ಬಿಗಿಯದೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಇದನ್ನು ದಾಟಿದವರಿಗೇ ಈ ಲೇಖನದ ಉಳಿದ ಭಾಗ ಹೆಚ್ಚು ಅನ್ವಯ. ನೀವು ಒಬ್ಬರೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 35 ಕೋಟಿ ಜನರಿಗೆ ಹೊಟ್ಟೆಯ ಬೊಜ್ಜಿದೆ.

ಈಗ ಇನ್ಸುಲಿನ್ ವಿಷಯಕ್ಕೆ ಬರೋಣ. ಈ ಹಾರ್ಮೋನು ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೊಂದು ಕೆಲಸವಿದೆ: ಶೇಖರವಾದ ಕೊಬ್ಬು ಸುಮ್ಮಸುಮ್ಮನೆ ಕರಗಿ ರಕ್ತಕ್ಕೆ ಬರದಂತೆ ತಡೆಯುವುದು. ಬೊಜ್ಜು ಹೆಚ್ಚಿದಾಗ ಕೊಬ್ಬಿನ ಕೋಶಗಳು ಇನ್ಸುಲಿನ್ ಮಾತಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದೇ ಇನ್ಸುಲಿನ್ ರೆಸಿಸ್ಟೆನ್ಸ್, ಅಂದರೆ ಇನ್ಸುಲಿನ್‌ಗೆ ಪ್ರತಿರೋಧ. ಆಗ ಕೊಬ್ಬಿನಾಮ್ಲಗಳು ಹಗಲೂ ರಾತ್ರಿಯೂ ಸೋರುತ್ತವೆ. ಸೋರಿದ್ದು ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದರಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಮಾಡಿ, ಸ್ವಲ್ಪ ತನ್ನಲ್ಲೇ ಇಟ್ಟುಕೊಂಡು, ಉಳಿದದ್ದನ್ನು ರಕ್ತಕ್ಕೆ ಕಳಿಸುತ್ತದೆ. ಯಕೃತ್ತಿನಲ್ಲಿ ಉಳಿದದ್ದೇ ಫ್ಯಾಟಿ ಲಿವರ್.

ಯಕೃತ್ತಿನ ಈ ಕೊಬ್ಬು ಎಲ್ಲಿಂದ ಬರುತ್ತದೆ ಎಂದು 2005ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅಳೆದರು. ಬೊಜ್ಜೂ ಫ್ಯಾಟಿ ಲಿವರೂ ಇದ್ದವರ ಯಕೃತ್ತಿನ ಕೊಬ್ಬಿನಲ್ಲಿ ಸುಮಾರು ಶೇ. 59 ಭಾಗ ಸೋರಿಬಂದ ಕೊಬ್ಬಿನಾಮ್ಲಗಳದ್ದು. ಸುಮಾರು ಶೇ. 26 ಭಾಗವನ್ನು ಯಕೃತ್ತೇ ಹೊಸದಾಗಿ ತಯಾರಿಸಿತ್ತು, ಮುಖ್ಯವಾಗಿ ಪಿಷ್ಟ ಮತ್ತು ಸಕ್ಕರೆಯಿಂದ. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ. ಎಣ್ಣೆಯ ಬ್ರ್ಯಾಂಡ್ ಬದಲಿಸಿದರೂ ವರದಿ ಕದಲದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಬೇರೆ ಸಿಕ್ಕಿಲ್ಲ.

ಹೃದಯಕ್ಕೆ ಹೇಗೆ ತಾಗುತ್ತದೆ? ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದಾಗ ಅದನ್ನು ಹೊತ್ತ ಕಣಗಳು ಕೊಲೆಸ್ಟ್ರಾಲ್ ಹೊತ್ತ ಇತರ ಕಣಗಳೊಂದಿಗೆ ಕೊಬ್ಬು-ಕೊಲೆಸ್ಟ್ರಾಲಿನ ಅದಲುಬದಲು ಮಾಡಿಕೊಳ್ಳುತ್ತವೆ. ಇದರಿಂದ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲಿನ ಕಣಗಳು ಚಿಕ್ಕದಾಗಿ, ದಟ್ಟವಾಗಿ, ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ವರದಿಯಲ್ಲಿ ಎಲ್‌ಡಿಎಲ್ ಅಂಕಿ ಸಾಧಾರಣವಾಗಿಯೇ ಕಂಡರೂ ಕಣಗಳ ಸಂಖ್ಯೆ ಹೆಚ್ಚಿರಬಹುದು. ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ: ನಮ್ಮ ದೇಶದವರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಜೋಡಿ ಇದು. ಇಂಡಿಯಾಬ್ ಸಮೀಕ್ಷೆಯ 2014ರ ವರದಿಯಲ್ಲಿ ಪರೀಕ್ಷೆಗೊಳಗಾದ ನಾಲ್ಕು ಪ್ರದೇಶಗಳ ಜನರಲ್ಲಿ ಶೇ. 72 ಮಂದಿಗೆ ಎಚ್‌ಡಿಎಲ್ ಕಡಿಮೆಯಿತ್ತು.

ಹಾಗಾದರೆ ಎಣ್ಣೆಯ ಜಾತಿ ಮುಖ್ಯವೇ ಅಲ್ಲವೆ?

ಮುಖ್ಯವೇ. ಅಳತೆ ಮೀರಿ ತಿಂದಾಗ ಕೊಬ್ಬು ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ಜಾತಿ ನಿರ್ಧರಿಸುತ್ತದೆ.

ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಹಳ ಸರಳ. ಯುವಕ-ಯುವತಿಯರಿಗೆ ಏಳು ವಾರ ದಿನವೂ ಹೆಚ್ಚುವರಿಯಾಗಿ ಮಫಿನ್ ಎಂಬ ಪುಟ್ಟ ಕೇಕುಗಳನ್ನು ತಿನ್ನಿಸಿದರು. ಒಂದು ಗುಂಪಿನ ಕೇಕಿನಲ್ಲಿ ತಾಳೆ ಎಣ್ಣೆ, ಇನ್ನೊಂದರಲ್ಲಿ ಸೂರ್ಯಕಾಂತಿ. ಎರಡೂ ಗುಂಪಿನ ತೂಕ ಒಂದೇ ಪ್ರಮಾಣದಲ್ಲಿ ಏರಿತು. ಆದರೆ ತಾಳೆ ಎಣ್ಣೆ ತಿಂದವರಲ್ಲಿ ಯಕೃತ್ತಿನ ಕೊಬ್ಬೂ ಒಳಗೊಬ್ಬೂ ಹೆಚ್ಚು ಬೆಳೆದವು. ಸೂರ್ಯಕಾಂತಿ ತಿಂದವರಲ್ಲಿ ಸ್ನಾಯುವಿನಂಥ ಕೊಬ್ಬಿಲ್ಲದ ಭಾಗ ಹೆಚ್ಚಾಗಿತ್ತು.

2018ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ಇದನ್ನೇ ತೂಕ ಹೆಚ್ಚಿರುವವರಲ್ಲಿ ನೋಡಿದರು. 38 ಜನರಿಗೆ ಮೂರು ವಾರ, ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿ ಆಹಾರ. ಬೆಣ್ಣೆ, ಚೀಸ್, ಕೊಬ್ಬರಿ ಎಣ್ಣೆಯಂಥ ಪರ್ಯಾಪ್ತ ಕೊಬ್ಬು ತಿಂದ ಗುಂಪಿನಲ್ಲಿ ಯಕೃತ್ತಿನ ಕೊಬ್ಬು ಶೇ. 55 ಏರಿತು. ಆಲಿವ್ ಎಣ್ಣೆ, ಬೀಜಗಳಂಥ ಅಪರ್ಯಾಪ್ತ ಕೊಬ್ಬು ತಿಂದವರಲ್ಲಿ ಶೇ. 15. ಹಣ್ಣಿನ ರಸ, ಸಿಹಿ ಪಾನೀಯ, ಮಿಠಾಯಿ ತಿಂದವರಲ್ಲಿ ಶೇ. 33. ಈ ಮೂರನೆಯ ಅಂಕಿಯನ್ನು ದಯವಿಟ್ಟು ಗಮನಿಸಿ. ಒಂದು ಹನಿ ಎಣ್ಣೆಯಿಲ್ಲದ ಸಿಹಿಯೂ ಯಕೃತ್ತಿನಲ್ಲಿ ಕೊಬ್ಬಾಗುತ್ತದೆ. ಬೆಳಿಗ್ಗೆ ದೋಸೆಗೆ ಎಣ್ಣೆ ಹಾಕದೆ, ಸಂಜೆ ಒಂದು ಲೋಟ ಹಣ್ಣಿನ ರಸವನ್ನು ಆರೋಗ್ಯಕ್ಕೆಂದು ಕುಡಿಯುವವರು ಇದನ್ನು ತಿಳಿದಿರಬೇಕು.

ಪರ್ಯಾಪ್ತ ಕೊಬ್ಬು ಮಾಡುವ ಇನ್ನೊಂದು ಕೆಲಸವಿದೆ. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯಲು ಯಕೃತ್ತಿನ ಕೋಶಗಳ ಮೇಲೆ ರಿಸೆಪ್ಟರ್‌ಗಳು, ಅಂದರೆ ಗ್ರಾಹಕಗಳು ಇರುತ್ತವೆ. ಪರ್ಯಾಪ್ತ ಕೊಬ್ಬು ಹೆಚ್ಚಿದರೆ ಅವುಗಳ ಚಟುವಟಿಕೆ ತಗ್ಗುತ್ತದೆ, ರಕ್ತದಲ್ಲಿ ಎಲ್‌ಡಿಎಲ್ ಉಳಿದುಬಿಡುತ್ತದೆ. ಪರ್ಯಾಪ್ತ ಕೊಬ್ಬಿನ ಜಾಗದಲ್ಲಿ ಬಹು ಅಪರ್ಯಾಪ್ತ ಎಣ್ಣೆ ಕೊಟ್ಟ ಪ್ರಯೋಗಗಳನ್ನು ಒಟ್ಟಾಗಿ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಇದರಿಂದ ಹೃದಯ ಮತ್ತು ರಕ್ತನಾಳದ ಕಾಯಿಲೆ ಸುಮಾರು ಶೇ. 30 ತಗ್ಗುತ್ತದೆ ಎಂದು 2017ರಲ್ಲಿ ಹೇಳಿತು. ಅದೇ ಜಾಗದಲ್ಲಿ ಮೈದಾ, ಬಿಳಿ ಅನ್ನ, ಸಕ್ಕರೆ ಬಂದರೆ ಈ ಲಾಭ ಸಿಗುವುದಿಲ್ಲ. ತುಪ್ಪ ಬಿಟ್ಟು ಎರಡು ಸೌಟು ಅನ್ನ ಹೆಚ್ಚಿಗೆ ಉಂಡರೆ ಹೃದಯಕ್ಕೆ ಏನೂ ದಕ್ಕಲಿಲ್ಲ ಎಂದೇ ಅರ್ಥ. 2025ರಲ್ಲಿ ಬಂದ ಇಂಡಿಯಾಬ್ ಆಹಾರ ವರದಿಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಗಳಿಂದಲೇ ಬರುತ್ತದೆ. ತುಪ್ಪ ಬಿಟ್ಟ ಜಾಗಕ್ಕೆ ಬೇಳೆ, ಕಾಳು, ಮೊಳಕೆ ಕಟ್ಟಿದ ಹೆಸರು, ಮೊಸರು, ಮೊಟ್ಟೆ, ಮೀನು, ಒಂದು ಹಿಡಿ ಕಡಲೆಕಾಯಿ ಬರಲಿ.

ಸಾಮಾನ್ಯವಾಗಿ ಕೇಳುವ ಸಂದೇಹಗಳು

ತುಪ್ಪ ತಿನ್ನಬಹುದೆ? ಬಿಸಿ ಅನ್ನಕ್ಕೋ ಹೋಳಿಗೆಗೋ ಒಂದು ಟೀ ಚಮಚ ತುಪ್ಪ ಹೆಚ್ಚಿನವರಿಗೆ ತೊಂದರೆ ಮಾಡದು, ಅದು ದಿನದ ಲೆಕ್ಕದೊಳಗೆ ಇದ್ದರೆ. ವಿಶ್ವ ಆರೋಗ್ಯ ಸಂಸ್ಥೆ ಪರ್ಯಾಪ್ತ ಕೊಬ್ಬಿಗೆ ಇಟ್ಟ ಮಿತಿ ದಿನದ ಒಟ್ಟು ಶಕ್ತಿಯ ಶೇ. 10. ದಿನಕ್ಕೆ 1800 ಕ್ಯಾಲೊರಿ ಉಣ್ಣುವವರಿಗೆ ಇದು 20 ಗ್ರಾಂ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ ಹೋಯಿತು. ಹಾಲು, ಮೊಸರು, ತೆಂಗಿನಕಾಯಿ, ಬಿಸ್ಕತ್ತು ಎಲ್ಲ ಉಳಿದ 17ರಲ್ಲಿ ಹಿಡಿಯಬೇಕು. ಕೆನೆಭರಿತ ಹಾಲಿನಲ್ಲಿ ಶೇ. 6 ಕೊಬ್ಬು, ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಶೇ. 3. ದಿನಕ್ಕೆ ಅರ್ಧ ಲೀಟರ್ ಕುಡಿಯುವವರಿಗೆ ಈ ಒಂದು ಬದಲಾವಣೆಯಿಂದಲೇ 15 ಗ್ರಾಂ ಕೊಬ್ಬು ಉಳಿಯುತ್ತದೆ. ತುಪ್ಪ ಬಿಡಲು ಮನಸ್ಸಿಲ್ಲದವರು ಹಾಲಿನ ಪೊಟ್ಟಣ ಬದಲಿಸಬಹುದು. ಬರಿಹೊಟ್ಟೆಗೆ ಚಮಚಗಟ್ಟಲೆ ತುಪ್ಪ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಕೊಬ್ಬರಿ ಎಣ್ಣೆಯ ಪ್ರಶ್ನೆ ಕರಾವಳಿಯವರಿಗೆ ಮನಸ್ಸಿಗೆ ಹತ್ತಿರದ್ದು. 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆ ಬಂತು. ತಾಳೆ, ಪ್ರಾಣಿಜನ್ಯ ಕೊಬ್ಬುಗಳನ್ನು ಬಿಟ್ಟ ಇತರ ಸಸ್ಯದ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿ.ಗ್ರಾಂ. ಏರಿಸುತ್ತದೆ ಎಂದು ಅದು ತೋರಿಸಿತು. ಇನ್ನೊಂದು ಕಡೆ, ಕೊಚ್ಚಿಯಲ್ಲಿ 200 ಹೃದ್ರೋಗಿಗಳ ಮೇಲೆ ಎರಡು ವರ್ಷ ನಡೆದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮೇಲಿದ್ದವರು. ಹೀಗಾಗಿ ನನ್ನ ಅಭಿಪ್ರಾಯ ಇದು: ನೀರ್‌ದೋಸೆ ಜೊತೆಗಿನ ಚಟ್ನಿಗೂ ಗಸಿಗೂ ತೆಂಗಿನಕಾಯಿ ಇರಲಿ, ಅದರಲ್ಲಿ ನಾರೂ ಇದೆ. ಕಾಯಿ ಹಾಕಿದ ಅಡುಗೆಗೆ ಎಣ್ಣೆಯನ್ನು ಬೇರೆಯಾಗಿ ಸುರಿಯುವುದು ಬೇಡ. ಎಲ್‌ಡಿಎಲ್ ಹೆಚ್ಚಿರುವವರು ದಿನನಿತ್ಯದ ಹುರಿಯುವ-ಒಗ್ಗರಿಸುವ ಕೆಲಸಕ್ಕೆ ಬೇರೆ ಎಣ್ಣೆ ಬಳಸಿ, ಕೊಬ್ಬರಿ ಎಣ್ಣೆಯನ್ನು ಅದರ ಪರಿಮಳವೇ ಬೇಕಾದ ಅಡುಗೆಗೆ ಇಟ್ಟುಕೊಳ್ಳಲಿ.

ಗಾಣದ ಎಣ್ಣೆ, ರಿಫೈಂಡ್ ಎಣ್ಣೆ: ಯಾವುದು ಮೇಲು? ಗಾಣದ ಎಣ್ಣೆಯಲ್ಲಿ ರುಚಿ, ವಿಟಮಿನ್ ಇ, ಬೀಜದ ಇತರ ಅಂಶಗಳು ಹೆಚ್ಚು ಉಳಿದಿರುತ್ತವೆ. ಅದು ನಿಜ. ಆದರೆ ಕೊಬ್ಬಿನಾಮ್ಲಗಳ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕ್ಯಾಲೊರಿಯೂ ಒಂದೇ. ಗಾಣದ್ದು ಎಂಬ ಧೈರ್ಯದಲ್ಲಿ ಕೈ ಸಡಿಲ ಬಿಟ್ಟರೆ ಲಾಭವೆಲ್ಲ ಹೋಯಿತು. ಕೊಳ್ಳುವುದಿದ್ದರೆ ಕಣ್ಣೆದುರಿಗೇ ಬೀಜ ಹಾಕಿ ಆಡಿಸಿಕೊಡುವಲ್ಲಿ, ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಕೊಳ್ಳಿ. ಶೋಧಿಸದ ಎಣ್ಣೆ ಬೇಗ ಕನರುತ್ತದೆ.

ಸೂರ್ಯಕಾಂತಿಯ ಒಮೆಗಾ-6 ದೇಹದಲ್ಲಿ ಉರಿಯೂತ ಹೆಚ್ಚಿಸುತ್ತದೆ ಎಂಬ ಹೆದರಿಕೆ ಹಬ್ಬಿದೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಉರಿಯೂತದ ಸೂಚಕಗಳು ಅದರಿಂದ ಏರಿಲ್ಲ. ನಮ್ಮ ಊಟದಲ್ಲಿ ಕೊರತೆಯಿರುವುದು ಒಮೆಗಾ-3. ಉತ್ತರ ಕರ್ನಾಟಕದವರ ಬಳಿ ಇದಕ್ಕೆ ಮೊದಲಿನಿಂದಲೂ ಉತ್ತರವಿದೆ. ಜೋಳದ ರೊಟ್ಟಿಯ ಜೊತೆಗಿನ ಅಗಸಿ ಹಿಂಡಿ ನಮ್ಮ ನೆಲದ ಅತ್ಯುತ್ತಮ ಒಮೆಗಾ-3 ಆಹಾರಗಳಲ್ಲಿ ಒಂದು. ಅಗಸೆಯ ಎಣ್ಣೆಯಂಶದಲ್ಲಿ ಅರ್ಧಕ್ಕೂ ಹೆಚ್ಚು ಒಮೆಗಾ-3 ಇದೆ. ಇಡೀ ಬೀಜ ಜೀರ್ಣವಾಗದೆ ಹಾಗೇ ಹೊರಹೋಗುವುದುಂಟು, ಆದ್ದರಿಂದ ಹುರಿದು ಪುಡಿಮಾಡಿಯೇ ತಿನ್ನಬೇಕು. ದಿನಕ್ಕೆ ಒಂದು ದೊಡ್ಡ ಚಮಚ ಪುಡಿ ಸಾಕು. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇನ್ನೂ ಒಳ್ಳೆಯವು. ಅವುಗಳಲ್ಲಿರುವ ಒಮೆಗಾ-3 ದೇಹ ನೇರವಾಗಿ ಬಳಸಿಕೊಳ್ಳುವಂಥದ್ದು. ತವೆಯಲ್ಲಿ ಎಣ್ಣೆ ಸುರಿದು ಕರಿದ ಮೀನಿಗಿಂತ ಪುಳಿಮುಂಚಿ ವಾಸಿ.

ಆಲಿವ್ ಎಣ್ಣೆಗೆ ಹಣ ಹಾಕಬೇಕೆ? ಸ್ಪೇನಿನಲ್ಲಿ 7400ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನದಿಂದ ಆಲಿವ್ ಎಣ್ಣೆಗೆ ಹೆಸರು ಬಂತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಅದರಲ್ಲಿ ಸುಮಾರು ಶೇ. 30 ಕಡಿಮೆಯಾದವು. ಹೆಚ್ಚಿನವರು ಮರೆಯುವ ಸಂಗತಿಯೊಂದಿದೆ: ಆಲಿವ್ ಎಣ್ಣೆಯ ಬದಲು ದಿನಕ್ಕೆ 30 ಗ್ರಾಂ ಬೀಜಗಳನ್ನು ತಿಂದ ಗುಂಪಿಗೂ ಹೆಚ್ಚುಕಡಿಮೆ ಅಷ್ಟೇ ಲಾಭವಾಯಿತು. ಎರಡೂ ಗುಂಪಿನವರ ಊಟದಲ್ಲಿ ತರಕಾರಿ, ಕಾಳು, ಹಣ್ಣು, ಮೀನು ಧಾರಾಳವಾಗಿದ್ದವು. ಆಲಿವ್ ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಇಲ್ಲದವರು ಕೊರಗಬೇಕಾಗಿಲ್ಲ. ಚಳ್ಳಕೆರೆ, ಪಾವಗಡದ ಕಡಲೆಕಾಯಿಯ ಎಣ್ಣೆಯಲ್ಲೂ ಅರ್ಧದಷ್ಟು ಏಕ ಅಪರ್ಯಾಪ್ತ ಕೊಬ್ಬೇ ಇದೆ.

ಎಣ್ಣೆಯನ್ನು ಪೂರ್ತಿ ಬಿಟ್ಟರೆ ಬೇಗ ತೂಕ ಇಳಿಯುವುದಿಲ್ಲವೆ? ಕಡಿಮೆ ಕೊಬ್ಬಿನ ಊಟ, ಕಡಿಮೆ ಪಿಷ್ಟದ ಊಟ ಎರಡನ್ನೂ 609 ಜನರ ಮೇಲೆ ಒಂದು ವರ್ಷ ಹೋಲಿಸಿ ನೋಡಿದ ಸ್ಟ್ಯಾನ್‌ಫರ್ಡ್ ಅಧ್ಯಯನ 2018ರಲ್ಲಿ ಬಂತು. ಒಂದು ಗುಂಪು ಸರಾಸರಿ 5.3 ಕೆ.ಜಿ., ಇನ್ನೊಂದು 6 ಕೆ.ಜಿ. ಇಳಿಸಿತು. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳು ದೇಹಕ್ಕೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಕೊಬ್ಬು ಬೇಕು. ಸಪ್ಪೆ ಊಟ ಹೆಚ್ಚು ದಿನ ನಡೆಯುವುದೂ ಇಲ್ಲ.

ತಿಂಗಳ ದಿನಸಿಯ ಲೆಕ್ಕ

ಚಮಚದಲ್ಲಿ ಅಳೆಯುವುದು ಎರಡು ದಿನದ ಮಾತು. ತಿಂಗಳ ದಿನಸಿ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಕಣ್ಣಿಗೆ ಕಾಣುವ ಕೊಬ್ಬು ಸಾಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬಹುಕಾಲದಿಂದ ಹೇಳಿಕೊಂಡು ಬಂದ ಅಳತೆ. ತಲೆಗೆ ತಿಂಗಳಿಗೆ ಮುಕ್ಕಾಲು ಲೀಟರ್ ಎಂದು ನೆನಪಿಡಿ. ದೊಡ್ಡವರು ನಾಲ್ವರಿರುವ ಮನೆಗೆ ಮೂರು ಲೀಟರ್. ತುಪ್ಪ, ಬೆಣ್ಣೆಯೂ ಇದರೊಳಗೇ ಬರಬೇಕು.

ಇದೇ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಡಬ್ಬ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ 38 ಗ್ರಾಂ ಆಯಿತು. ಮೂರು ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು 140 ಕ್ಯಾಲೊರಿ ಕಡಿಮೆ. ಅರ್ಧ ಗಂಟೆಯ ಚುರುಕು ನಡಿಗೆಗೆ ಇದು ಹೆಚ್ಚುಕಡಿಮೆ ಸಮ. ಹಣದ ಲೆಕ್ಕವನ್ನೂ ನೋಡಿ. ಎಣ್ಣೆ ಲೀಟರಿಗೆ 160 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 320 ರೂಪಾಯಿ ಉಳಿಯಿತು. ಅಗಸೆ, ಕಡಲೆಕಾಯಿ, ಹೆಸರುಕಾಳನ್ನು ಆ ದುಡ್ಡಿನಲ್ಲೇ ತರಬಹುದು.

ಇಳಿಸುವುದು ಹೇಗೆ? ಐದು ಲೀಟರ್ ಡಬ್ಬದ ಬದಲು ಒಂದೊಂದು ಲೀಟರ್ ಪೊಟ್ಟಣ ತಂದು, ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಒಂದು ಪೊಟ್ಟಣ ಹತ್ತು ದಿನ ಬರಬೇಕು. ಅಗಲ ಬಾಯಿಯ ಪಾತ್ರೆಯಿಂದ ಸೌಟಿನಲ್ಲಿ ತೆಗೆಯುವುದನ್ನು ಬಿಟ್ಟು ಸಣ್ಣ ಮೂತಿಯ ಬಾಟಲಿ ಬಳಸಿ. ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಮುಚ್ಚಿ ಪಲ್ಯ ಬೇಯಿಸಿದರೆ ಎಣ್ಣೆ ಕಡಿಮೆ ಸಾಕು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಒಂದು ತಿಂಗಳು ಕಡಲೆಕಾಯಿ, ಮುಂದಿನ ತಿಂಗಳು ಸೂರ್ಯಕಾಂತಿ ಅಥವಾ ಕುಸುಬೆ, ಆಮೇಲೆ ಅಕ್ಕಿತೌಡಿನ ಎಣ್ಣೆ ಎಂದು ಬದಲಿಸುತ್ತಿರಿ. ಮೂರೂ ಬಗೆಯ ಕೊಬ್ಬು ಹದವಾಗಿ ಸಿಗುತ್ತದೆ.

ಕರಿದ ಎಣ್ಣೆಯ ಬಗ್ಗೆ ಒಂದು ಮಾತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಅದರಲ್ಲಿ ಹಾನಿಕರ ವಸ್ತುಗಳು ಹುಟ್ಟುತ್ತವೆ. ಇವನ್ನು ಪೋಲಾರ್ ಸಂಯುಕ್ತಗಳು ಎನ್ನುತ್ತಾರೆ. ಹೋಟೆಲು, ಬೋಂಡಾ ಅಂಗಡಿಗಳಲ್ಲಿ ಇವು ಶೇ. 25 ದಾಟಿದ ಎಣ್ಣೆ ಬಳಸಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ನಮ್ಮ ಬಳಿ ಅಳೆಯುವ ಉಪಕರಣ ಇರುವುದಿಲ್ಲ, ಕಣ್ಣಿದೆ. ಬಾಣಲೆಯ ಎಣ್ಣೆ ಕಪ್ಪಗೆ, ಅಂಟಂಟಾಗಿ, ನೊರೆ ಏಳುತ್ತಿದ್ದರೆ ಅಲ್ಲಿ ಬಜ್ಜಿ ಬೇಡ. ಮನೆಯಲ್ಲಿ ಹಬ್ಬಕ್ಕೆ ಕರಿದು ಉಳಿದ ಎಣ್ಣೆಯನ್ನು ಶೋಧಿಸಿ ಒಂದೆರಡು ದಿನದಲ್ಲೇ ಒಗ್ಗರಣೆಗೆ ಮುಗಿಸಿ. ಮತ್ತೆ ಕರಿಯಲು ಇಡಬೇಡಿ.

ಪರೀಕ್ಷೆ ಎಲ್ಲಿ, ಎಷ್ಟು, ಏನು ನೋಡಬೇಕು?

ರಕ್ತದ ಕೊಬ್ಬಿನ ಪರೀಕ್ಷೆಗೆ ಲಿಪಿಡ್ ಪ್ರೊಫೈಲ್ ಎಂದು ಹೆಸರು. ಖಾಸಗಿ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ 300ರಿಂದ 800 ರೂಪಾಯಿಯೊಳಗೆ ಆಗುತ್ತದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ನಲ್ಲಿ, ಅಂದರೆ ಅಂಟದ ಕಾಯಿಲೆಗಳ ವಿಭಾಗದಲ್ಲಿ, ಮೊದಲು ವಿಚಾರಿಸಿ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಾರೆ. ಅವರು ಬಂದಾಗ ‘ನನಗೇನೂ ಇಲ್ಲ’ ಎಂದು ಕಳಿಸಿಬಿಡಬೇಡಿ. ಹೃದಯದ ತೊಂದರೆ ಆಗಲೇ ಇದ್ದವರಿಗೆ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗಳಿವೆ.

ವರದಿ ಕೈಗೆ ಬಂದ ಮೇಲೆ ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಟ್ರೈಗ್ಲಿಸರೈಡ್ 150ಕ್ಕಿಂತ ಕೆಳಗಿರಬೇಕು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಬೇಕು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಬರುವುದು ನಾನ್-ಎಚ್‌ಡಿಎಲ್. ರಕ್ತನಾಳಕ್ಕೆ ಕೆಟ್ಟದ್ದು ಮಾಡುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಈ ಒಂದು ಅಂಕಿಯಲ್ಲಿದೆ, ಬೊಜ್ಜಿರುವವರಿಗೆ ಇದು ಎಲ್‌ಡಿಎಲ್‌ಗಿಂತ ಹೆಚ್ಚು ಹೇಳುತ್ತದೆ. ಸಾಮಾನ್ಯವಾಗಿ 130ರೊಳಗೆ ಇರಬೇಕು. ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದರೆ ಮಿತಿ ಇನ್ನೂ ಕೆಳಗಿರುತ್ತದೆ, ಅದನ್ನು ವೈದ್ಯರೇ ಹೇಳಬೇಕು. ಯಕೃತ್ತಿನ ಕೊಬ್ಬು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕಾಣುತ್ತದೆ.

ಟ್ರೈಗ್ಲಿಸರೈಡ್ 500 ದಾಟಿದ್ದರೆ ಇಲ್ಲಿ ಓದಿದ್ದನ್ನು ಬದಿಗಿಟ್ಟು ಅದೇ ವಾರ ವೈದ್ಯರನ್ನು ನೋಡಿ. ಆ ಮಟ್ಟದಲ್ಲಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಒಳ್ಳೆಯ ಎಣ್ಣೆಯನ್ನೂ ಬಹಳ ಮಿತಿಗೊಳಿಸಬೇಕಾಗುತ್ತದೆ, ಮದ್ಯ ಪೂರ್ತಿ ನಿಲ್ಲಬೇಕು. ಸ್ಟ್ಯಾಟಿನ್ ಮಾತ್ರೆ ನುಂಗುತ್ತಿರುವವರು ಊಟ ಸರಿಹೋಯಿತೆಂದು ತಾವಾಗಿ ನಿಲ್ಲಿಸಬಾರದು.

ಬದಲಾವಣೆ ಕಾಣಲು ಎಷ್ಟು ದಿನ ಬೇಕು? ಮೂರು ತಿಂಗಳು ಕೊಡಿ. 80 ಕೆ.ಜಿ. ತೂಗುವವರು ನಾಲ್ಕು ಕೆ.ಜಿ. ಇಳಿಸಿದರೂ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಟ್ರೈಗ್ಲಿಸರೈಡ್ ಇಳಿಯುತ್ತದೆ. ಆರರಿಂದ ಎಂಟು ಕೆ.ಜಿ. ಇಳಿದರೆ ಯಕೃತ್ತಿನ ಊತವೂ ತಗ್ಗುತ್ತದೆ. ಎರಡನೆಯ ಪರೀಕ್ಷೆಯನ್ನು ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ ಮಾಡಿಸಿ. ಹಳೆಯ ವರದಿ, ಸೊಂಟದ ಅಳತೆ, ಮೂರು ತಿಂಗಳ ಎಣ್ಣೆಯ ಲೆಕ್ಕ ಇವಿಷ್ಟನ್ನೂ ವೈದ್ಯರ ಬಳಿಗೆ ಒಯ್ಯಿರಿ.